ಕೀಲೆಣ್ಣೆ

ದಾದರಿನ ಟಿಳಕ್ ಬ್ರಿಜ್ ಏರು ಶುರುವಾಗುವಲ್ಲೇ ಗದಿಗೆಪ್ಪ ಸೈಕಲ್ಲಿನಿಂದ ಇಳಿದುಬಿಟ್ಟ. ಇಳಿದದ್ದು ಇದೇ ಮೊದಲಲ್ಲ. ಎರಡು ತಿಂಗಳಿಂದ ದಿನವೂ ಇಳಿಯುತ್ತಿದ್ದ. ಆದರೆ ಅರ್ಧವಾದರೂ ಏರಿ ಇಳಿಯುತ್ತಿದ್ದವನು ಈ ಶನಿವಾರ ಒಂದು ಮಾರೂ ಏರಲಿಲ್ಲ. ಬಾಳೆಹಣ್ಣಿನ ಕೈಗಾಡಿ ತಳ್ಳುತ್ತ ಬಂದ ಮುದುಕನೊಬ್ಬ ಅವನನ್ನು ದಾಟಿ ಮುಂದೆ ಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ. ಪಾಪ, ಕನಿಕರದಿಂದಲೇ ನೋಡಿದ. ಬೈದಿದ್ದರೂ ಗದಿಗೆಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

ವಯಸ್ಸೇನು ಮಹಾ ಆಗಿತ್ತು? ನಲವತ್ತೆಂಟು. ವಿಜಾಪುರದ ಕಡೆಯ ಮೂಳೆ, ಜೋಳ ತಿಂದು ಬೆಳೆದದ್ದು. ವಡಾಲದ ಬಣ್ಣದ ಕಂಪನಿಯೊಂದರಲ್ಲಿ ಟಪಾಲಿನ ಸಿಪಾಯಿಯಾಗಿ ಇಪ್ಪತ್ನಾಲ್ಕು ವರ್ಷ ಇದೇ ಸೇತುವೆಯನ್ನು ದಿನಕ್ಕೆ ಎರಡು ಸಲ ಏರಿ ಇಳಿದಿದ್ದ. ಚೀಲದ ತುಂಬ ಕಾಗದ ಹೊತ್ತು ಸಾಯನ್, ಮಾಟುಂಗಾ, ದಾದರ್, ಪರೇಲ್ ಸುತ್ತಿ ಬಂದರೂ ಸಂಜೆ ಚಾಳಿನ ಮೆಟ್ಟಿಲನ್ನು ಹುಡುಗನಂತೆ ಹತ್ತುತ್ತಿದ್ದವನು. ಈಗ ಎರಡನೆಯ ಮಾಳಿಗೆ ಮುಟ್ಟುವಷ್ಟರಲ್ಲಿ ಎರಡು ಕಡೆ ಕೂರಬೇಕು. ಊಟ ರುಚಿಸದು, ನಿದ್ದೆಯಿಂದ ಎದ್ದರೆ ನಿದ್ದೆಗಿಂತ ಮೊದಲಿದ್ದ ದಣಿವೇ. ಡಾಕ್ಟರ ಹತ್ತಿರ ಹೋದರೆ ಅವರು ನಾಲಿಗೆ ನೋಡಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, ಅಶಕ್ತಿ ಎಂದರು, ಬಾಟಲಿಯಲ್ಲಿ ಕೆಂಪು ನೀರು ಕೊಟ್ಟರು. ಎರಡು ಬಾಟಲಿ ಮುಗಿದವು, ಅಶಕ್ತಿ ಮುಗಿಯಲಿಲ್ಲ. ಇದು ಸಾವಿನ ಕರೆಯೇ ಇರಬೇಕು ಎಂದು ಅವನಿಗೆ ಅನ್ನಿಸತೊಡಗಿತ್ತು.

ಅದೂ ಹೋಗಲಿ. ಸೇತುವೆಯ ಮೇಲೆ ಸೈಕಲ್ ತಳ್ಳುತ್ತಿದ್ದ ಗದಿಗೆಪ್ಪನ ಎದೆಯಲ್ಲಿ ಕೂತಿದ್ದದ್ದು ಕಾಲಿನ ನೋವಲ್ಲ. ನಾಳೆ ಭಾನುವಾರ ಬೆಳಗಿನ ಸೊಲ್ಲಾಪುರದ ಗಾಡಿಗೆ ಅವನ ಹೆಂಡತಿಯ ತಮ್ಮ ಸಂಗಪ್ಪ ಬರುವವನಿದ್ದ. ಅಕ್ಕನನ್ನು ಕರೆದುಕೊಂಡು ಸಂಜೆಯ ಗಾಡಿಗೆ ಹೊರಡುವವನಿದ್ದ. ಮಲ್ಲವ್ವ ಹೋದರೆ ಮತ್ತೆ ಬರುವವಳಲ್ಲ. ಅದು ಗದಿಗೆಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಸತ್ತವನಂತೆ ಸುಮ್ಮನಿದ್ದ.

ಅವರ ಸಂಸಾರದ ಕತೆ ಕೇಳಿದರೆ ನಗುವವರು ನಕ್ಕಾರು. ಮದುವೆಯಾಗಿ ಇಪ್ಪತ್ತೆರಡು ವರ್ಷ; ಒಟ್ಟಿಗೆ ಇದ್ದದ್ದು ಲೆಕ್ಕ ಹಾಕಿದರೆ ಎರಡು ವರ್ಷವೂ ಇಲ್ಲ. ಮದುವೆಯಾದ ಎಂಟನೆಯ ದಿನಕ್ಕೆ ಗದಿಗೆಪ್ಪನ ಮನೆಯ ಜೋಡೆತ್ತಿನಲ್ಲಿ ಒಂದೆತ್ತು ಹಾವು ಕಡಿದು ಸತ್ತಿತು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೊಸ ಸೊಸೆಯ ಪಾದವನ್ನೇ ನೋಡಿದಳಂತೆ. ಅಂದಿನಿಂದ ಆ ಮನೆಯಲ್ಲಿ ಹಾಲು ಒಡೆದರೂ ಮಲ್ಲವ್ವನ ಕಾಲ್ಗುಣ, ಮಳೆ ತಡೆದರೂ ಮಲ್ಲವ್ವನ ಕಾಲ್ಗುಣ. ಮಕ್ಕಳಾಗದಿದ್ದದ್ದಂತೂ ಸರಿಯೇ ಸರಿ; ಗಂಡ ವರ್ಷಕ್ಕೆ ಹದಿನೈದು ದಿನ ಬಂದು ಹೋಗುತ್ತಿದ್ದ ಎಂಬುದನ್ನು ಯಾರೂ ಎಣಿಸಲಿಲ್ಲ. ಮುಂಬಯಿಗೆ ಕಳಿಸು ಎಂದಾಗಲೆಲ್ಲ ಮುದುಕಿ, ಇವಳು ಅಲ್ಲಿ ಕಾಲಿಟ್ಟರೆ ನಿನ್ನ ನೌಕರಿಯನ್ನೂ ತಿಂದಾಳು ಎಂದು ಮಗನ ಬಾಯಿ ಮುಚ್ಚಿಸುತ್ತಿದ್ದಳು. ಮುದುಕಿ ಕಳೆದ ಶಿವರಾತ್ರಿಗೆ ತೀರಿಕೊಂಡಳು. ಯುಗಾದಿ ಮುಗಿಸಿ ಮಲ್ಲವ್ವ, ತಲೆಯಲ್ಲಿ ಬಿಳಿ ಕೂದಲು ಮೂಡಿದ ಮೇಲೆ, ಮೊದಲ ಬಾರಿ ಗಂಡನ ಮನೆ ಎಂದು ವಡಾಲದ ಚಾಳಿನ ಒಂದು ಖೋಲಿಗೆ ಬಂದಳು.

ಬಂದ ದಿನ ಹೊಸ್ತಿಲ ಹೊರಗೆ ತುಂಬ ಹೊತ್ತು ನಿಂತಿದ್ದಳು. ಒಳಗೆ ಬಾ ಎಂದರೆ, ಯಾವ ಕಾಲು ಮುಂದಿಡಲಿ ಎಂದು ಕೇಳಿದಳು. ಯಾವುದಾದರೂ ಇಡು ಮಾರಾಯ್ತಿ, ರೈಲಿನಲ್ಲಿ ಕೂತು ಸೊಂಟ ಮುರಿದಿದೆ ಎಂದು ಗದಿಗೆಪ್ಪ ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ನಗು ಚೆನ್ನಾಗಿತ್ತು.

ಅದನ್ನು ಹಾಳು ಮಾಡಿದವನು ಅವನೇ. ಕಾರ್ತಿಕದಲ್ಲಿ ಒಂದು ಸಂಜೆ ಹಿಂಡಿದ ಬಟ್ಟೆಯಂತೆ ಮನೆಗೆ ಬಂದು ಗೋಡೆಗೆ ಒರಗಿದ್ದ. ಇನ್ನೊಂದು ರೊಟ್ಟಿ ಹಾಕಲೇ ಎಂದು ಅವಳು ಕೇಳಿದಳು. ಬೇಡ ಎಂದಿದ್ದರೆ ಸಾಕಿತ್ತು. ದಣಿದ ಮನುಷ್ಯನ ಬಾಯಿಗೆ ಕದ ಇರುವುದಿಲ್ಲ ನೋಡಿ, "ಯಾಕೋ ನೀ ಬಂದಾಗಿಂದ ನನ್ನ ಕಾಲಾಗಿನ ಬಲಾನ ಹೋಗೇತಿ" ಎಂದುಬಿಟ್ಟ. ಸಿಟ್ಟಿನಿಂದ ಅಂದದ್ದಲ್ಲ. ಅಂದು ಹತ್ತು ನಿಮಿಷಕ್ಕೆ ಗೊರಕೆ ಹೊಡೆದ. ಮಲ್ಲವ್ವನಿಗೆ ಮಾತ್ರ ಅತ್ತೆ ಮಣ್ಣಿನಿಂದ ಎದ್ದು ಬಂದು ಮಗನ ಬಾಯಿಯಲ್ಲಿ ಮಾತಾಡಿದಂತೆ ಆಯಿತು.

ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. ಪಕ್ಕದ ಖೋಲಿಯ ಉಡುಪಿ ಕಡೆಯ ಚಂಪಾ ಓದುಬರಹ ಬಲ್ಲವಳು. ಅವಳಿಂದ ತಮ್ಮನಿಗೆ ಕಾರ್ಡು ಬರೆಸಿದಳು. ಉತ್ತರ ಬಂದ ದಿನವೇ ಗದಿಗೆಪ್ಪನಿಗೆ ವಿಷಯ ತಿಳಿದದ್ದು. ನನ್ನ ಕಾಲ್ಗುಣ ಸರಿ ಇಲ್ಲ, ನಿಮ್ಮನ್ನು ತಿಂದು ನಾನು ಇಲ್ಲಿರಲಾರೆ, ಹೋಗುತ್ತೇನೆ ಎಂದಳು. ಹೋಗಬೇಡ ಎನ್ನಲು ಎದ್ದು ಕೂರಬೇಕಿತ್ತು, ನಾಲ್ಕು ಮಾತು ಹೇಳಬೇಕಿತ್ತು, ಅವಳು ಒಂದಂದರೆ ಇವನು ಎರಡು ಅನ್ನಬೇಕಿತ್ತು. ಅಷ್ಟು ಕಸುವು ಮೈಯಲ್ಲಿರಲಿಲ್ಲ. ಇನ್ನೂ ಒಂದು ಮಾತಿದೆ, ಅದನ್ನು ಹೇಳಲು ನಾಚಿಕೆಯಾಗಬೇಕು: ಎಲ್ಲೋ ಒಳಗೆ ಅವನಿಗೂ ಇದ್ದೀತೇನೋ ಅನ್ನಿಸಿತ್ತು. ಹೂಂ ಎಂದು ಮಗ್ಗುಲು ಬದಲಿಸಿದ್ದ.

ಆ ಹೂಂ ಈಗ ಸೇತುವೆಯ ಮೇಲೆ ಅವನ ಜೊತೆಗೇ ಬರುತ್ತಿತ್ತು.

ಇಳಿಜಾರಿನಲ್ಲಿ ಮತ್ತೆ ಸೈಕಲ್ ಹತ್ತಿಕೊಂಡು, ಮಾಟುಂಗಾ ದಾಟಿ, ವಡಾಲ ಸ್ಟೇಷನ್ ಕಾಣುವಷ್ಟರಲ್ಲಿ ಸೈಕಲ್ಲಿನ ಹೊಟ್ಟೆಯಿಂದ ಕಟಕ್ ಎಂದು ಸದ್ದು ಬಂತು. ಪೆಡಲ್ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವನ ಸೈಕಲ್ಲಿಗೆ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರ್ ಇತ್ತು. ಒಳಗೆ ಏನಾಗಿದೆ ಎಂದು ಕಾಣುವಂತಿಲ್ಲ. ಇಂಥ ಹೊತ್ತಿಗೆ ಇದೂ ಕೈಕೊಟ್ಟಿತಲ್ಲ ಎಂದು ಶಪಿಸುತ್ತ, ಹಿಂದಿನ ಗಾಲಿಯನ್ನು ಎತ್ತಿ ಹಿಡಿದು ಸ್ಟೇಷನ್ನಿನ ಹೊರಗಿನ ಆಲದ ಮರದವರೆಗೆ ನಡೆಸಿಕೊಂಡು ಹೋದ.

ಮರದ ಕೆಳಗೆ ದೂಜನ ಸೈಕಲ್ ದುರಸ್ತಿ. ಈ ದೂಜ ತುಳು ನಾಡಿನವನು. ಮುಂಬಯಿಗೆ ಬಂದ ಹೊಸದರಲ್ಲಿ ಹೋಟೆಲೊಂದರಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತಿದ್ದನಂತೆ. ಎಷ್ಟು ತಿರುಗಿಸಿದರೂ ಕಲ್ಲು ಇದ್ದಲ್ಲೇ ಇರುತ್ತದೆ, ಗಾಲಿಯಾದರೆ ಮುಂದಾದರೂ ಹೋಗುತ್ತದೆ ಎಂದು ಬಿಟ್ಟು ಬಂದವನು. ಗದಿಗೆಪ್ಪ ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಅವನ ಹತ್ತಿರ ಚೈನ್ ತೊಳೆಸುತ್ತಿದ್ದ. ಈ ವರ್ಷ ಎರಡನ್ನೂ ತಪ್ಪಿಸಿದ್ದ. ಮೊದಲನೆಯದು ಮಲ್ಲವ್ವ ಬಂದ ಸಂಭ್ರಮದಲ್ಲಿ, ಎರಡನೆಯದು ಸುಸ್ತಿನಲ್ಲಿ.

ದೂಜ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಕವರಿನ ಸ್ಕ್ರೂ ಬಿಚ್ಚಿದ. ತಗಡು ಕೈಗೆ ಬಂದದ್ದೇ ಅವನ ಹುಬ್ಬು ಮೇಲೆ ಹೋಯಿತು.

"ಎಂಥ ಮಾರಾಯ್ರೆ ಇದು? ಚೈನಿಗೆ ಕಾಡಿಗೆ ಹಚ್ಚಿದ್ದಾ?"

ಗದಿಗೆಪ್ಪ ಬಗ್ಗಿ ನೋಡಿದ. ಚೈನ್ ಎಂಬುದು ಕಾಣುತ್ತಲೇ ಇರಲಿಲ್ಲ. ಕೊಂಡಿ ಕೊಂಡಿಗೂ, ಹಲ್ಲು ಹಲ್ಲಿಗೂ ಬೆರಳು ದಪ್ಪದ ಕರಿ ಮೆತ್ತಿತ್ತು. ಅದರಲ್ಲಿ ರಸ್ತೆಯ ಧೂಳು, ಮಳೆಗಾಲದ ಮರಳು, ದಾರದ ಚೂರು ಎಲ್ಲ ಕಲಸಿ ಹಿಟ್ಟಿನಂತೆ ಗಟ್ಟಿಯಾಗಿತ್ತು. ದೂಜ ಪೆಡಲನ್ನು ಕೈಯಿಂದ ಒತ್ತಿ ತಿರುಗಿಸಲು ನೋಡಿದ. ಅವನ ತೋಳಿನ ನರ ಉಬ್ಬಿದವು, ಅರ್ಧ ಸುತ್ತು ಬಂತು. ಹಿಂದಿನ ಗಾಲಿಯೊಳಗೂ ಅದೇ ಕರಿ ಇಳಿದಿತ್ತು.

"ಇದನ್ನು ತುಳಿದುಕೊಂಡು ದಾದರಿಗೆ ಹೋಗಿ ಬಂದಿರಾ ನೀವು? ದಿನಾ?" ದೂಜ ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡಿದ. "ನಿಮ್ಮ ಕಾಲಿಗೆ ಎಂಥದೂ ಆಗ್ಲಿಲ್ಲ ಗದಿಗೆಪ್ಪಣ್ಣ. ಇದನ್ನು ಎಳೀಲಿಕ್ಕೆ ಒಂದು ಎತ್ತು ಬೇಕಿತ್ತು. ನೀವಾದ್ದಕ್ಕೆ ಎಳೆದದ್ದು."

ಗದಿಗೆಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಿಂತಲ್ಲೇ ಮರದ ಬೇರಿನ ಮೇಲೆ ಕೂತ. ಎರಡು ಬಾಟಲಿ ಕೆಂಪು ಔಷಧ, ಸಾವಿನ ಯೋಚನೆ, ಮುದುಕನ ಕನಿಕರ, ಎಲ್ಲ ಈ ಕರಿಗಾಗಿಯೇ? ತಗಡಿನ ಅಂಚಿಗೆ ಅಂಟಿದ್ದ ಒಂದಿಷ್ಟನ್ನು ಬೆರಳಲ್ಲಿ ತೆಗೆದು ಹೊಸಕಿದ. ಮೂಗಿನ ಹತ್ತಿರ ತಂದ. ಹರಳೆಣ್ಣೆಯ ಜಿಡ್ಡು, ಸುಟ್ಟ ಹುಲ್ಲಿನ ವಾಸನೆ.

ಮತ್ತೊಮ್ಮೆ ಮೂಸಿದ. ಇದು ಕೀಲೆಣ್ಣೆ. ಊರಲ್ಲಿ ಎತ್ತಿನ ಬಂಡಿಯ ಅಚ್ಚಿಗೆ ಹಾಕುವುದು. ಹುಲ್ಲು ಸುಟ್ಟು, ಆ ಕರಿಯನ್ನು ಹರಳೆಣ್ಣೆಯಲ್ಲಿ ಅರೆದು, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕುತ್ತಾರೆ. ಮುಂಬಯಿಯಲ್ಲಿ ಇದನ್ನು ಮಾಡಬಲ್ಲವರು ಅವನಿಗೆ ಗೊತ್ತಿದ್ದಂತೆ ಒಬ್ಬರೇ. ಇಪ್ಪತ್ತೆರಡು ವರ್ಷದ ಹಿಂದೆ ಹೆಣ್ಣು ನೋಡಲು ಹೋದ ದಿನ ಹುಡುಗಿ ಹಿತ್ತಲಿನಿಂದ ಮೊಣಕೈವರೆಗೆ ಕರಿ ಮಾಡಿಕೊಂಡು ಓಡಿ ಬಂದಿದ್ದಳು. ಅವಳಪ್ಪ ಶಿವಪುತ್ರಪ್ಪ ನಾಚಿಕೊಳ್ಳುವ ಬದಲು ಹೆಮ್ಮೆಪಟ್ಟಿದ್ದ. ನಮ್ಮ ಬಂಡಿಗೆ ಕೀಲೆಣ್ಣೆ ಹಾಕುವವಳು ನನ್ನ ಮಗಳೇ, ಸುತ್ತ ಮೂರು ಹಳ್ಳಿಯಲ್ಲಿ ಸದ್ದು ಮಾಡದ ಬಂಡಿ ಅಂದರೆ ನಮ್ಮದೇ ಎಂದಿದ್ದ. ಗದಿಗೆಪ್ಪ ಒಪ್ಪಿದ್ದು ಆ ಕರಿ ಕೈ ನೋಡಿಯೇ.

ದೂಜ ಕೆಲಸ ಶುರು ಮಾಡಿದ್ದ. ಚೈನಿನ ಲಾಕ್ ತೆಗೆದು, ಸತ್ತ ಹಾವಿನಂಥ ಅದನ್ನು ಡಬ್ಬಿಯ ಸೀಮೆಎಣ್ಣೆಗೆ ಇಳಿಬಿಟ್ಟ. ಅದು ನೆನೆಯುವ ತನಕ ಹಲ್ಲುಚಕ್ರವನ್ನು ಕಡ್ಡಿಯಿಂದ ಕೆರೆದ. ಸೀಮೆಎಣ್ಣೆ ಕಪ್ಪಾಯಿತು, ಚೆಲ್ಲಿ ಬೇರೆ ಹಾಕಿದ. ಬ್ರಷ್ಷಿನಿಂದ ತಿಕ್ಕಿದ, ಒಂದೊಂದು ಕೊಂಡಿಯನ್ನೂ ಮಡಚಿ ಬಿಡಿಸಿ ನೋಡಿದ. ಮೂರನೆಯ ಸಲಕ್ಕೆ ಉಕ್ಕು ಕಂಡಿತು. ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟು, ಆಮೇಲೆ ಮೂತಿ ಸಣ್ಣಗಿರುವ ಎಣ್ಣೆಡಬ್ಬಿಯಿಂದ ಕೊಂಡಿಗೊಂದು ಹನಿಯಂತೆ ಬಿಟ್ಟ. ಸ್ವಲ್ಪ ಹೊತ್ತು ಕಾದು, ಬಿಟ್ಟ ಎಣ್ಣೆಯನ್ನೇ ಮತ್ತೆ ಒರೆಸತೊಡಗಿದ. ಹಾಕಿದ್ದನ್ನು ಯಾಕೆ ಒರೆಸುವುದು ಎಂದು ಗದಿಗೆಪ್ಪ ಸೋತ ದನಿಯಲ್ಲಿ ಕೇಳಿದ. ಎಣ್ಣೆ ಬೇಕಾದ್ದು ಕೊಂಡಿಯ ಒಳಗೆ, ಹೊರಗೆ ಉಳಿದದ್ದೆಲ್ಲ ಧೂಳಿಗೆ ಕರೆಯೋಲೆ ಎಂದು ದೂಜ ಹೇಳಿದ. ಮೆತ್ತಿದ್ದು ಬಂಡಿಯ ಕೀಲೆಣ್ಣೆ ಎಂದು ಗದಿಗೆಪ್ಪನಿಂದ ತಿಳಿದು, ಬಂಡಿಯ ಅಚ್ಚು ನಿಧಾನ ತಿರುಗುವಂಥದ್ದು, ದಪ್ಪ, ಅದಕ್ಕೆ ಕರಿ ಎಣ್ಣೆ ಸರಿ. ಚೈನಿನ ಸಂದು ಕೂದಲೆಳೆಯಷ್ಟು, ಅಲ್ಲಿ ಅದು ಅರೆಯುವ ಕಲ್ಲಾಗುತ್ತದೆ ಎಂದೂ ಹೇಳಿದ. ಕವರಿನ ಒಳಮೈ ತಿಕ್ಕಲು ತನಗೆ ಪುರುಸೊತ್ತಿಲ್ಲ, ನಾಳೆ ಆದಿತ್ಯವಾರ ಮನೆಯಲ್ಲೇ ಸೀಮೆಎಣ್ಣೆ ಹಾಕಿ ತಿಕ್ಕಿಕೊಳ್ಳಿ ಎಂದು ತಗಡನ್ನು ಕ್ಯಾರಿಯರಿಗೆ ಕಟ್ಟಿ ಕೊಟ್ಟ.

ಗದಿಗೆಪ್ಪ ಹತ್ತಿ ಒಂದು ತುಳಿತ ತುಳಿದ. ಸೈಕಲ್ ಅವನನ್ನು ಕೇಳದೆ ಹೊರಟುಹೋಯಿತು. ಕಾಲುಗಳು ಖಾಲಿ ಗಾಳಿಯನ್ನು ತುಳಿದಂತೆ ಸುತ್ತಿದವು. ಅಯ್ಯೋ ಶಿವನೇ, ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದೆನಲ್ಲ! ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಗೋದಾಮುಗಳ ಪಕ್ಕದ ನೇರ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹೆಚ್ಚಿಗೆ ಹೊಡೆದ.

ಆ ಸುತ್ತು ಮುಗಿಯುವಷ್ಟರಲ್ಲಿ ಖುಷಿ ಇಳಿಯಿತು. ಮನೆಗೆ ಹೋಗಿ ಏನೆಂದು ಹೇಳುವುದು? ನೀನು ಪ್ರೀತಿಯಿಂದ ಹಚ್ಚಿದ್ದೇ ನನ್ನನ್ನು ಇಷ್ಟು ದಿನ ಅರೆಯಿತು ಎಂದು ಹೇಳುವುದೇ? ಇಪ್ಪತ್ತೆರಡು ವರ್ಷ ಆಗದ ತಪ್ಪನ್ನೆಲ್ಲ ಹೊತ್ತವಳ ತಲೆಗೆ, ಆದದ್ದೊಂದನ್ನು ತಂದು ಹೊರಿಸುವುದೇ? ಬೇಡ ಅನ್ನಿಸಿತು. ಔಷಧದ ಮೇಲೆ ಹಾಕಿಬಿಟ್ಟರೆ ಯಾರಿಗೂ ನೋವಿಲ್ಲ. ಕಾಲು ಸರಿಯಾಯಿತು, ಇನ್ನು ನೀನು ಹೋಗುವ ಕಾರಣವಿಲ್ಲ ಎಂದರೆ ಮುಗಿಯಿತು. ಹೀಗೆ ಲೆಕ್ಕ ಹಾಕಿ, ಸೈಕಲ್ಲನ್ನು ಮೆಟ್ಟಿಲ ಕೆಳಗೆ ಅದರ ಜಾಗದಲ್ಲಿ ನಿಲ್ಲಿಸಿ, ತಗಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದ.

ಮಲ್ಲವ್ವ ಒಲೆಯ ಮುಂದೆ ಇದ್ದಳು. ಅವಳ ಪಕ್ಕದಲ್ಲಿ ಕಟಕ ರೊಟ್ಟಿಯ ರಾಶಿ. ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತಾನು ಹೋದ ಮೇಲೆ ಗಂಡ ಉಪವಾಸ ಬೀಳಬಾರದೆಂದು ಬೆಳಗಿನಿಂದ ಬಡಿಯುತ್ತಿದ್ದಳು. ಬಾಗಿಲ ಬಳಿ ಅವಳ ಗಂಟು, ಎರಡು ಸೀರೆಯದ್ದು, ಆಗಲೇ ಕಟ್ಟಿ ಇಟ್ಟಿತ್ತು. ಹೆಜ್ಜೆಯ ಸದ್ದು ಕೇಳಿ ತಲೆ ಎತ್ತಿದಳು. ಗಂಡ ಏದುಸಿರಿಲ್ಲದೆ ಹೊಸ್ತಿಲಲ್ಲಿ ನಿಂತದ್ದನ್ನು ಕಂಡು ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದಳು.

"ಆ ಡಾಕ್ಟರನ ಔಷಧ ನಾಟಿತು ನೋಡು," ಎಂದ ಗದಿಗೆಪ್ಪ. "ಕಾಲು ಮೊದಲಿನಂಗ ಆದೂ."

ಮಲ್ಲವ್ವ ಅವನ ಕಾಲು ನೋಡಿದಳು. ಆಮೇಲೆ ಬಾಗಿಲ ಬಳಿಯ ಗಂಟು ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬಹಳ ದಿನದಿಂದ ಗೊತ್ತಿದ್ದ ಸಂಗತಿಯೊಂದು ಕೊನೆಗೆ ಖಾತ್ರಿಯಾದಂತಿತ್ತು.

"ಔಷಧ ಅಲ್ರಿ," ಎಂದಳು ಮೆಲ್ಲಗೆ. "ಮುಂಜಾನೆ ನಾ ಗಂಟು ಕಟ್ಟಿದ್ನಿ. ಸಂಜಿಗೆ ನಿಮ್ಮ ಕಾಲಿಗೆ ಬಲ ಬಂತು."

 ಇಂಥದ್ದೊಂದು ಆದೀತೆಂದು ಗದಿಗೆಪ್ಪ ಕನಸಲ್ಲೂ ಎಣಿಸಿರಲಿಲ್ಲ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಇನ್ನು ಆ ಮಾತಿಗೆ ಮೇಲ್ಮಾತಿಲ್ಲ ಎನ್ನುವಂತೆ ಬಡಿದಳು. ಈಗ ಸುಮ್ಮನಾದರೆ ನಾಳೆ ಸಂಜೆ ಅವಳು ಇಲ್ಲ. ಹೋಗುವಾಗ ಈ ಹೊಸ ಸಾಕ್ಷಿಯನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ, ಸಾಯುವವರೆಗೆ ಬಿಚ್ಚಿ ಬಿಚ್ಚಿ ನೋಡುತ್ತಾಳೆ.

ಅವನು ಕೆಳಗೆ ಕೂತ. ಬಟ್ಟೆ ಬಿಚ್ಚಿ ತಗಡಿನ ಕವರನ್ನು ಅಂಗಾತ ಮಾಡಿ ಅವಳ ಮುಂದೆ ಇಟ್ಟ. ಔಷಧ ಸುಳ್ಳು ಎಂದ. ಚೈನ್ ಸಿಕ್ಕಿಕೊಂಡದ್ದು, ದೂಜ ಬಿಚ್ಚಿದ್ದು, ಮೂರು ಸಲ ತೊಳೆದದ್ದು, ಆಮೇಲೆ ಸೈಕಲ್ ತಾನಾಗಿಯೇ ಓಡಿದ್ದು ಎಲ್ಲ ಹೇಳಿದ. ಮಲ್ಲವ್ವ ಹಿಟ್ಟಿನ ಬೆರಳಿನಿಂದಲೇ ಆ ಕರಿಯನ್ನು ಮುಟ್ಟಿದಳು, ಮೂಸಿದಳು.

ತನ್ನದೇ ಎಂದು ಒಪ್ಪಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಶ್ರಾವಣದ ಮಳೆಯಲ್ಲಿ ಸೈಕಲ್ ಕಿರುಗುಡುತ್ತಿತ್ತು. ಭಾನುವಾರ ಮಧ್ಯಾಹ್ನ ಗಂಡ ಮಲಗಿದಾಗ ಅವಳು ಮೆಟ್ಟಿಲ ಕೆಳಗೆ ಇಳಿದು, ಕವರಿನ ಸಣ್ಣ ಬಾಯಿಯಿಂದ ಕಡ್ಡಿಗೆ ಬಟ್ಟೆ ಸುತ್ತಿ ಕೀಲೆಣ್ಣೆ ಒಳಗೆ ಇಳಿಸಿದ್ದಳು. ಹುಲ್ಲು ಎದುರಿನ ಬಾಟಲಿ ಗೋದಾಮಿನವರು ಬೀದಿಗೆ ಎಸೆದದ್ದು. ಸದ್ದು ನಿಂತಿತು. ಈ ಊರಿನಲ್ಲಿ ತಾನು ಮಾಡಬಲ್ಲ ಕೆಲಸ ಒಂದಾದರೂ ಸಿಕ್ಕಿತಲ್ಲ ಎಂದು ಅವಳಿಗೆ ಹಿಗ್ಗು. ಹೇಳಿಕೊಂಡು ತಿರುಗುವ ಅಭ್ಯಾಸ ಮೊದಲೇ ಇಲ್ಲ.

"ನಿಮಗ ಹಗೂರ ಆಗ್ಲಿ ಅಂತ ಹಚ್ಚಿದ್ನಿ," ಎಂದಳು. "ನಿಮ್ಮ ದಣಿವು ಹೆಚ್ಚಾದಂಗ ನಾನೂ ಹೆಚ್ಚಿಗಿ ಹಚ್ಚಿಕೋತ ಹೋದ್ನಿ."

"ತಪ್ಪು ನಂದು," ಎಂದ ಗದಿಗೆಪ್ಪ. "ಗಾಡಿಗೇನಾಗೇತಿ ಅಂತ ಒಮ್ಮೆ ಬಗ್ಗಿ ನೋಡಲಿಲ್ಲ. ನಿನ್ನ ಮ್ಯಾಲ ಹಾಕಿದ್ನಿ."

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆರಳಿನ ತುದಿಯ ಕರಿಯನ್ನೇ ನೋಡುತ್ತಿದ್ದಳು.

"ಅಂದ್ರ ಇದು ನನ್ನ ಕೈಯಿಂದ ಆದದ್ದು?"

"ಹೌದು."

"ಕಾಲಿಂದಲ್ಲ? ಖರೇ ಹೇಳ್ರಿ."

"ನಮ್ಮಪ್ಪನಾಣೆ. ಬರೇ ಕೈಯಿಂದ."

ಮಲ್ಲವ್ವ ಒಮ್ಮೆಲೇ ಮುಖಕ್ಕೆ ಸೆರಗು ಹಿಡಿದು ಅತ್ತಳು. ಎತ್ತು ಸತ್ತ ದಿನ ಅಳದವಳು, ಅತ್ತೆ ಅಂದಾಗ ಅಳದವಳು, ಗಂಡ ಅಂದಾಗಲೂ ಅಳದವಳು, ಈಗ ಭುಜ ಕುಲುಕಿಸಿ ಅತ್ತಳು. ಗದಿಗೆಪ್ಪ ಗಾಬರಿಯಾಗಿ, ಬಿಡು, ಗೊತ್ತಿಲ್ಲದೆ ಆದದ್ದು ಎಂದು ಏನೇನೋ ಹೇಳಿದ. ಅವಳು ಗೋಣು ಅಲ್ಲಾಡಿಸಿದಳು. ಅದಲ್ಲ ಎಂದಳು. ಕಣ್ಣು ಒರೆಸಿಕೊಂಡಾಗ ಕೆನ್ನೆಗೆ ಕರಿ ಹತ್ತಿತು.

"ಕೈಯಿಂದ ಆದದ್ದನ್ನ ತೊಳಕೊಳ್ಳಾಕ ಬರತೈತ್ರಿ," ಎಂದಳು. "ಕಾಲ್ಗುಣ ಹೆಂಗ ತೊಳಕೊಳ್ಳೋದು ಅಂತ ಇಪ್ಪತ್ತೆರಡು ವರ್ಸ ನನಗ ತಿಳೀಲಿಲ್ಲ."

 ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ಗದಿಗೆಪ್ಪನೇ ಎದ್ದು ತಿರುವಿ ಹಾಕಿದ.

ಮರುದಿನ ಬೆಳಿಗ್ಗೆ ಸಂಗಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಚಾಳಿಗೆ ಬಂದಾಗ, ಅಕ್ಕ ಮೆಟ್ಟಿಲ ಕೆಳಗೆ ಸೀಮೆಎಣ್ಣೆಯ ಡಬ್ಬಿ ಇಟ್ಟುಕೊಂಡು ಆ ತಗಡಿನ ಕವರನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಮೊಣಕೈವರೆಗೆ ಕಪ್ಪು. ಭಾವ ಅವಳ ಪಕ್ಕದಲ್ಲೇ ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದ. ಚೈನ್ ಹಗುರಾದರೇನು, ತಿಂಗಳುಗಟ್ಟಲೆ ತುಳಿದ ದಣಿವು ಮೈಯಲ್ಲಿ ಇತ್ತಲ್ಲ, ಅದು ಇಳಿಯಲು ಇನ್ನೂ ಎಷ್ಟೋ ಭಾನುವಾರ ಬೇಕಿತ್ತು.

ಗಂಟು ಎಲ್ಲಿ, ಹೊರಡಲು ತಯಾರಿದ್ದೀಯಾ ಎಂದು ಸಂಗಪ್ಪ ಕೇಳಿದ. ಮಲ್ಲವ್ವ ತಲೆ ಎತ್ತಲಿಲ್ಲ.

"ಮ್ಯಾಲ ರೊಟ್ಟಿ ರಾಶಿ ಅದಾವು. ಹೊಟ್ಟಿತುಂಬ ಉಂಡು, ಊರಿಗೂ ಕಟ್ಟಿಕೊಂಡು ಹೋಗಪ್ಪ," ಎಂದಳು. "ಮೆಲ್ಲಕ ಹತ್ತು. ಅವರು ಮಕ್ಕೊಂಡಾರ."